ಹನ್ನೊಂದನೇ ನಂಬರ್ ರೂಮಿನ ಹೊಗೆ

ಲಾಡ್ಜಿನಲ್ಲಿ ಕಸ ಗುಡಿಸುವವಳು ದೆವ್ವ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ರೂಮು ಹಿಡಿಯುತ್ತವೆ. ಶೃಂಗೇರಿಯ ಲಾಡ್ಜಿನಲ್ಲಿ ನಾನಿದ್ದಾಗ, ಹೊಗೆ ಕಂಡರೆ ಕೂಗುವ ಡಬ್ಬಿಯನ್ನು ಪ್ರತಿ ರೂಮಿನ ಸೂರಿಗೂ ಹಾಕಿಸಿದರು. ಬಿಳಿ ಡಬ್ಬಿ, ನಡುವೆ ಕೆಂಪು ದೀಪ. ಕೆಳಗೆ ನಿಂತರೆ ಯಾರೋ ಮೇಲಿಂದ ಕಣ್ಣು ಮಿಟುಕಿಸಿದ ಹಾಗೆ.

೧. ಕೀಂ

ಹನ್ನೊಂದನೇ ನಂಬರಿನಲ್ಲಿ ಯಾತ್ರೆಗೆ ಬಂದ ಮುದುಕರೊಬ್ಬರು ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಿದ್ದರು. ಆಮೇಲೆ ಅದಕ್ಕೆ ಬೀಗ. ಒಂದು ಮಧ್ಯಾಹ್ನ ಒಳಗಿಂದ "ಕೀಂ" ಅಂತು. ಉಸಿರು ಬಿಡುವಷ್ಟರಲ್ಲಿ ಮತ್ತೆ "ಕೀಂ".

ನಮ್ಮ ಲಾಡ್ಜಿನ ಮ್ಯಾನೇಜರ್ರು, ನರಸಿಂಹರಾಜಪುರದವರು, ಅಷ್ಟು ದಪ್ಪ ಮೀಸೆ ಇಟ್ಟವರು, ನನ್ನ ಬೆನ್ನ ಹಿಂದೆ ನಿಂತರು.

"ಅಜ್ಜಿ, ನೀವು ಮುಂದೆ ಹೋಗಿ. ನನಗೆ ಹೆಂಡತಿ ಮಕ್ಕಳಿದ್ದಾರೆ."

"ನನ್ನ ಗಂಡ ಸತ್ತು ಎಷ್ಟೋ ವರ್ಷ ಆಯ್ತು. ಒಳಗಿರೋದು ಅವರೇ ಆದ್ರೆ ನಿಮಗಿಂತ ಮೊದಲು ನಾನು ಓಡ್ತೀನಿ" ಅಂದೆ.

೨. ಲೋಬಾನ

ಮಾರನೇ ದಿನ ಮ್ಯಾನೇಜರ್ರು ಕೆಂಡ ತರಿಸಿ ಆ ರೂಮಿಗೆ ಲೋಬಾನ ಹಾಕಿಸಿದರು. ಹೊಗೆ ಮೇಲೇರಿದ್ದೇ ತಡ, ಕೀಂ ಅನ್ನುತ್ತಿದ್ದದ್ದು ಗಂಟಲು ಹರಿಯುವ ಹಾಗೆ ಅರಚಿತು. ಜನ ಒದ್ದೆ ಟವೆಲಿನಲ್ಲೇ ರಸ್ತೆಗೆ ಬಿದ್ದರು. ನಾಲ್ಕನೇ ನಂಬರಿನ ಗಂಡಸು ಎಂಟನೇ ನಂಬರಿನ ಹೆಂಗಸಿನ ರೂಮಿಂದ ಓಡಿ ಬಂದ. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ, ಸಂಜೆವರೆಗೆ.

"ದೆವ್ವ ಬಿಟ್ಟು ಹೋಗ್ತಿದೆ, ಅದಕ್ಕೇ ಕೂಗ್ತಿದೆ" ಅಂದರು ಮ್ಯಾನೇಜರ್ರು.

"ಬಿಟ್ಟು ಹೋಗ್ತಿರೋದು ಗಿರಾಕಿಗಳು ಮಾರಾಯ್ರೇ."

೩. ಶೆಲ್ಲು

ಶಿವಮೊಗ್ಗದಿಂದ ಮೆಕ್ಯಾನಿಕ್ ಬಂದ. ಸ್ಟೂಲು ಹತ್ತಿ, "ಒಳಗಿನ ಬ್ಯಾಟರಿ ಶೆಲ್ಲು ಮುಗೀತಾ ಬಂದ್ರೆ ಹೀಗೇ ಕೀಂ ಅಂತದೆ" ಅಂದ. ಹೊಸದು ಹಾಕಿ, ಊದುಬತ್ತಿ ಹಿಡಿದು ಕೂಗಿಸಿ ತೋರಿಸಿದ. "ಪ್ರತಿ ತಿಂಗಳು ಹೀಗೆ ನೋಡ್ಬೇಕು."

ಮುಂದಿನ ತಿಂಗಳು ಮ್ಯಾನೇಜರ್ರು ಸ್ನಾನ ಮಾಡಿ ಬಂದು, ಡಬ್ಬಿ ಡಬ್ಬಿಗೂ ಊದುಬತ್ತಿ ಬೆಳಗಿ, ಕಾಯಿ ಒಡೆದರು. ನಾನು ಕೈ ಒಡ್ಡಿ ನಿಂತೆ. "ಏನು?" ಅಂದರು. "ಪ್ರಸಾದ" ಅಂದೆ.

೪. ಕುರ್ಚಿ

ಅಷ್ಟಾದರೂ ಹನ್ನೊಂದನೇ ನಂಬರಿನದು ದಿನಾ ಊಟದ ಹೊತ್ತು ಕಳೆದ ಮೇಲೆ ಅರಚತೊಡಗಿತು. ಹಾಕಿದ ಬೀಗ ಹಾಕಿದ ಹಾಗೇ. ಯಾರೂ ರೂಮು ಕೇಳದ ಹಾಗಾಯಿತು. ಲಾಡ್ಜಿನ ಹಿಂದೆಯೇ ಮನೆ ಮಾಡಿಕೊಂಡಿದ್ದ ಧಣಿ ಮೆಕ್ಯಾನಿಕ್ಕನ್ನು ಮತ್ತೆ ಕರೆಸಿದರು.

"ಡಬ್ಬಿ ಸರಿ ಇದೆ. ಒಳಗೆ ಯಾರೋ ಹೊಗೆ ಬಿಡ್ತಿದ್ದಾರೆ" ಅಂದ ಅವನು.

ಧಣಿ ಮ್ಯಾನೇಜರ ಕಡೆ ತಿರುಗಿದರು. "ಕೀಲಿ ಇರೋದು ನಿನ್ನ ಹತ್ರ. ಬೀಡಿ ಸೇದೋದು ನೀನು, ದೆವ್ವದ ಕಥೆ ಕಟ್ಟೋದೂ ನೀನು. ಗಂಟು ಕಟ್ಟು, ಇವತ್ತೇ ಕೆಲಸ ಬಿಡು."

"ಧಣಿ, ನಾನು ಬೀಡಿ ಮುಟ್ಟಿದವನೇ ಅಲ್ಲ. ಒಳಗೆ ದೆವ್ವ ಇರೋದು ನಿಜ" ಅಂತ ಅವರು ಅಳುವುದೊಂದು ಬಾಕಿ. ಅಷ್ಟರಲ್ಲಿ ಒಳಗೆ ಅರಚಿತು.

ಬೀಗ ತೆಗೆದೆವು. ಕಿಟಕಿಗೆಲ್ಲ ಪರದೆ, ಕತ್ತಲು. ಮೇಲೆ ಕೆಂಪು ಕಣ್ಣು. ಮುದುಕರು ಸತ್ತ ಅದೇ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಏನೋ ಕೂತಿತ್ತು. ತಲೆಯ ಸುತ್ತ ಹೊಗೆ. ಮ್ಯಾನೇಜರ್ರು ಹೊಸ್ತಿಲಲ್ಲೇ ಕುಸಿದರು. ನಾನು ಲೈಟು ಹಾಕಿದೆ.

ಧಣಿಯ ತಾಯಿ. ಮಡಿ ಮಡಿ ಅಂತ ನನ್ನ ನೆರಳೂ ತಾಗಿಸಿಕೊಳ್ಳದವರು, ಕೈಯಲ್ಲಿ ಬೀಡಿ. ಆ ರೂಮಿನ ಹಿಂಬಾಗಿಲು ಧಣಿ ಮನೆಯ ಅಂಗಳಕ್ಕೇ ತೆರೆಯುತ್ತದೆ ಅನ್ನುವುದು ಆವಾಗ ಎಲ್ಲರಿಗೂ ನೆನಪಾಯಿತು.

"ನೋಡಿಯಾಯ್ತಲ್ಲ, ಬಾಗಿಲು ಹಾಕು" ಅಂದರು ಆಯಮ್ಮ, ಆರಾಮಾಗಿ.

ಧಣಿ ಬಾಗಿಲು ಹಾಕಿದರು. ಮ್ಯಾನೇಜರರನ್ನು ರಟ್ಟೆ ಹಿಡಿದು ಎಬ್ಬಿಸಿದರು. ಧ್ವನಿ ಮೆತ್ತಗಾಗಿತ್ತು.

"ಮ್ಯಾನೇಜರ್ರೇ, ನೀವು ಹೇಳಿದ್ದೇ ಸರಿ. ಒಳಗೆ ದೆವ್ವ ಇದೆ."