ಬಾಣಂತಿ ಕೋಣೆಯ ಗೋಡೆ

ನಮ್ಮ ಸೋದರಮಾವ ಮನುಷ್ಯರಿಗಿಂತ ಮೊದಲು ಗೋಡೆಗಳ ಯೋಗಕ್ಷೇಮ ವಿಚಾರಿಸುತ್ತಿದ್ದರು. ಸುಳ್ಳಲ್ಲ! ನಿಂಬರ್ಗಾದ ಹತ್ತಿರದ ಅವರ ಹಳ್ಳಿಯಲ್ಲಿದ್ದುಕೊಂಡು ನಾನು ಹೈಸ್ಕೂಲು ಓದುತ್ತಿದ್ದೆ. ಪರೀಕ್ಷೆ ಬರೆದು ಬಂದು ಚೀಲ ಕೆಳಗಿಡುವ ಮೊದಲೇ ಕೇಳುವರು: “ಬಂದ್ಯಾ ಬೇ? ದನದ ಮನಿ ತೊಲಿ ನೋಡಿದ್ಯಾ? ಹೊಸಾದು ಹಾಕ್ಸೇನಿ!” ಪರೀಕ್ಷೆಯ ಮಾತು ಬರುವುದು ಮೂರನೆಯ ದಿನ. ಅದೂ ಅತ್ತೆ ನೆನಪಿಸಿದರೆ.

ಅವರದು ಮುತ್ತಜ್ಜನ ಕಾಲದ ವಾಡೆ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಹಿಂದುಗಡೆ ದನದ ಮನೆ, ಹೊಟ್ಟಿನ ಕೋಣೆ. ಮಾವ ಬೆಳಿಗ್ಗೆ ಎದ್ದವರೇ ಒಂದೊಂದು ಗೋಡೆಯನ್ನೂ ಬೆರಳಿನಿಂದ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದರು. ಚಹಾ ಆಮೇಲೆ. ಹೊಸ ಬೀಗರೊಬ್ಬರು ಇದನ್ನು ಕಂಡು, ಒಳಗೆ ಯಾರನ್ನೋ ಕೂಡಿಹಾಕಿದ್ದಾರೆಂದು ಗಾಬರಿಯಾಗಿದ್ದರಂತೆ!

ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಬಾಣಂತಿ ಕೋಣೆಯ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತು. ಕರಜಗಿಗೆ ಕೊಟ್ಟಿದ್ದ ಮಗಳು ಬಸುರಿ. ಪಂಚಮಿಗೆ ಬಂದವಳು ಚೊಚ್ಚಲ ಹೆರಿಗೆ ಮುಗಿಸಿಕೊಂಡೇ ಹೋಗಬೇಕು. ಅತ್ತೆ ಖಡಾಖಂಡಿತ ಹೇಳಿಬಿಟ್ಟರು: “ಪಂಚಮಿ ಒಳಗ ಕ್ವಾಣಿ ಆಗ್ಲಿಲ್ಲಂದ್ರ ಮಗಳನ್ನ ಕರಕೊಂಡು ನನ್ನ ತಮ್ಮನ ಮನಿಗಿ ಹೋಗ್ತೇನಿ ನೋಡ್ರಿ!”

ಆಳಂದದಿಂದ ಗೌಂಡಿ ಬಂದ. “ಎಂಟ್ ದಿನದಾಗ ಸಿಮೆಂಟಿನ ಗ್ವಾಡಿ ಏರಿಸ್ತೇನ್ರಿ ಗೌಡ್ರ.”

“ಸಿಮೆಂಟಿನ ಗ್ವಾಡಿ ಉಸಿರಾಡಂಗಿಲ್ಲಲೇ! ಬಾಣಂತಿನ್ನ ಕುದಸ್ತೀಯೇನು? ಯಾವ ಕಲ್ಲು ಎಲ್ಲಿತ್ತೋ ಅಲ್ಲೇ ಕೂಡ್ಬೇಕು.”

“ಕಲ್ಲಿಗೇನು ತನ್ನ ಜಾಗಾ ಗೊತ್ತಿರ್ತದೇನ್ರಿ?”

“ನನಗ ಗೊತ್ತಿರ್ತದಲ್ಲ!”

ಮಾಳಿಗೆಗೆ ಕಂಬ ಆನಿಸಿ ನಿಲ್ಲಿಸಿದರು. ಪ್ರತಿ ಕಲ್ಲಿನ ಮೇಲೆ ಇದ್ದಿಲಿನಿಂದ ನಂಬರು ಬರೆದು, ಇಳಿಸಿ, ಅಂಗಳದಲ್ಲಿ ಒಟ್ಟಿದರು. ಮೇಲೆ ತಾಡಪತ್ರಿ. “ಮಳಿರಾಯ ಬಂದ್ರೂ ಅಳಸಾಕ ಆಗಂಗಿಲ್ಲ!” ಎಂದು ಮೀಸೆ ತಿರುವಿ, ತೊಲೆ ತರಲು ಅಫಜಲಪುರಕ್ಕೆ ಹೊರಟರು. ಬಳೆ ಕೊಡಿಸಬಹುದೆಂಬ ಆಸೆಗೆ ನಾನೂ ಬೆನ್ನು ಹತ್ತಿದೆ. ಬಳೆ ಬಂತೇ? ತೊಲೆ ಬಂತು.

ಮರುದಿನ ನಾವು ವಾಪಸು ಬಂದು ನೋಡುತ್ತೇವೆ, ಅಂಗಳವೆಲ್ಲ ಬೆಳ್ಳಗೆ ಫಳಫಳ! ಹಬ್ಬದ ಮುಂದೆ ನಮ್ಮ ಕಡೆಯ ಹೆಂಗಸರ ಕೈಗೆ ಸುಣ್ಣದ ಗಡಿಗೆ ಬಂದರೆ ಕಟ್ಟೆ, ಒರಳು, ದನದ ಗ್ವಾದಲಿ ಯಾವುದಕ್ಕೂ ಮಾಫಿಯಿಲ್ಲ. ಇದ್ದಿಲು ಮೆತ್ತಿದ ಕಲ್ಲಿನ ರಾಶಿಯನ್ನು ಬಿಟ್ಟಾರೆಯೇ? ಅತ್ತೆ ತಾಡಪತ್ರಿ ತೆಗೆದು, ಕಲ್ಲುಗಳನ್ನು ತಿಕ್ಕಿ ತೊಳೆದು, ನೀಲಿ ಬೆರೆಸಿದ ಸುಣ್ಣವನ್ನು ಎರಡೆರಡು ಸಲ ಹಚ್ಚಿದ್ದರು!

ಮಾವ ಒಂದೊಂದೇ ಕಲ್ಲನ್ನು ಹೊರಳಿಸಿ ನೋಡಿದರು. “ನಂಬರು ಬರ್ದಿದ್ದೆನಲ್ಲ ಬೇ!”

“ಹೊಲಸು ಕಲ್ಲು ಇಟ್ಕೊಂಡು ಹಬ್ಬಾ ಮಾಡ್ಲ್ಯಾ? ನನಗೇನು ಹೇಳಿದ್ರ್ಯಾ ನೀವು?”

ನಿಜವೇ. ಗೋಡೆಗಳಿಗೆ ಹೇಳಿದ್ದರೇನೋ, ಅತ್ತೆಗೆ ಹೇಳಿರಲಿಲ್ಲ.

ಪಂಚಮಿಗೆ ಐದೇ ದಿನ ಉಳಿದಿತ್ತು. ಗೌಂಡಿ ಮೆಲ್ಲಗೆ ಕೆಮ್ಮಿದ: “ಸಿಮೆಂಟ್ ತರ್ಲೇನ್ರಿ ಗೌಡ್ರ?”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ರಾಶಿಯ ಮುಂದೆ ಬಂದು ನಿಂತರು. “ಏ ತಮ್ಮಾ, ಆ ಮೂಗಿನಂಥಾದ್ದು ತಲಿ ಕಡಿ ಇತ್ತು. ಅದರ ಬಲಕ್ಕ ಆ ಉದ್ದಂದು. ಆ ಕುಳ್ಳಂದು ದೀಪದ ಗೂಡಿನ ಕೆಳಗ.” ಗೌಂಡಿ ನಗುತ್ತಲೇ ಇಟ್ಟು ನೋಡಿದ. ಒಂದರ ಪಕ್ಕ ಒಂದು ಗಪ್ಪನೆ ಕೂತವು! ಅವನ ನಗು ನಿಂತುಹೋಯಿತು.

“ನಿನಗ ಹ್ಯಾಂಗ ಗೊತ್ತು?” ಎಂದರು ಮಾವ.

“ಐದು ಬಾಣಂತನ ಅಲ್ಲೇ ಮಾಡೇನ್ರಿ. ಮಲಕ್ಕೊಂಡು ಮತ್ತೇನು ನೋಡ್ಲಿ?”

ಅತ್ತೆಗೆ ಇದ್ದ ಮಕ್ಕಳು ನಾಲ್ಕೇ. ಅವರು ಒಂದು ದುಂಡನೆಯ ಕಲ್ಲಿನ ಮೇಲೆ ಕೈಯಿಟ್ಟರು. “ಎರಡನೇ ಕೂಸು ಹೋದಾಗ ಇದರ ಕೂಡನ ಮಾತಾಡ್ತಿದ್ದೆ.”

ಗೋಡೆ ಪಂಚಮಿಯ ಮುನ್ನಾದಿನಕ್ಕೆ ಮುಗಿಯಿತು, ಮಗಳು ಅಲ್ಲಿಯೇ ಹೆತ್ತಳು. ಆದರೆ ನನ್ನ ಕಣ್ಣಲ್ಲಿ ನಿಂತಿರುವುದು ಅತ್ತೆ ಕಲ್ಲುಗಳ ಜಾಗ ತೋರಿಸಿದ ದಿನದ ಸಂಜೆ. ಮಾವ ಯಾರ ಕೈಗೂ ಕೊಡದೆ ಆ ದುಂಡು ಕಲ್ಲನ್ನು ತಾವೇ ಎತ್ತಿ ಗೋಡೆಯಲ್ಲಿಟ್ಟರು. ಹೊರಸು ತರಿಸಿ, ಕೆಸರುಗೈಯಲ್ಲೇ ಅದರ ಮೇಲೆ ಮಲಗಿ, ಬಾಣಂತಿಯ ಹಾಗೆ ಗೋಡೆಯ ಕಡೆ ಹೊರಳಿದರು.

“ಇಷ್ಟ್ ಎತ್ತರಕ್ಕೇ ಇತ್ತೇನು?”

ಅತ್ತೆ ಹೊರಸಿನ ಅಂಚಿಗೆ ಕೂತು, ಬಗ್ಗಿ ನೋಡಿದರು.

“ಇನ್ನೊಂದೀಟು ಮ್ಯಾಲ್ರಿ.”