ಗೊರಕೆಗೊಂದು ಪುರಾವೆ

"ಇವತ್ತು ಸಂಜೆಯಿಂದ ಆ ಮಂಚಕ್ಕೆ ನಾನೊಬ್ಬನೇ ಚಕ್ರವರ್ತಿ!" ಎಂದು ಕನ್ನಡಿಯ ಮುಂದೆ ಮೀಸೆ ತಿರುವಿಕೊಂಡೇ ಪಂಪ್ ಆಪರೇಟರ್ ಅಂದು ಕೆಲಸಕ್ಕೆ ಹೊರಟಿದ್ದ. ಹನ್ನೊಂದು ವರ್ಷಗಳ ವ್ಯಾಜ್ಯಕ್ಕೆ ಅಂದು ತೀರ್ಪು ಬರುವುದಿತ್ತು. ಹೆಂಡತಿ ಗೊರಕೆ ಹೊಡೆಯುತ್ತಾಳೆ ಎಂದು ಅವನು. ತನ್ನ ತವರಿನ ಕಡೆ ಏಳು ತಲೆಮಾರಿನಲ್ಲಿ ಯಾರೂ ಗೊರಕೆ ಹೊಡೆದವರಿಲ್ಲ ಎಂದು ಅವಳು. ನಿದ್ದೆಗೆಟ್ಟು ಡ್ಯೂಟಿಯಲ್ಲಿ ತೂಕಡಿಸಿ ಎರಡು ಸಲ ಮ್ಯಾನೇಜರ್ ಕೈಗೆ ಸಿಕ್ಕಿಬಿದ್ದ ಮೇಲಂತೂ ಅವನ ತಾಳ್ಮೆ ಮುಗಿದಿತ್ತು.

"ಪುರಾವೆ ತನ್ನಿ," ಎಂದಿದ್ದಳು ಅವಳು. ಅದೇ ಕಾರ್ಖಾನೆಯ ಸ್ಟೋರ್‌ಕೀಪರ್ ಆಕೆ. ಚೀಟಿ ಇಲ್ಲದೆ ಒಂದು ನಟ್ಟನ್ನೂ ಯಾರಿಗೂ ಕೊಟ್ಟವಳಲ್ಲ. "ಸಾಬೀತಾದ್ರೆ ಹಾಲ್‌ನ ಸೋಫಾದಲ್ಲಿ ನಾನು ಮಲಗ್ತೀನಿ. ಇಲ್ಲಾಂದ್ರೆ ನೀವು!"

ಆ ಸೋಫಾ ಅವನ ಮೊಣಕಾಲಿಗೇ ಮುಗಿದುಹೋಗುತ್ತದೆ. ಆದರೂ ಗಂಡಸಿನ ಮಾತು! ಒಪ್ಪಿಕೊಂಡು, ಹಿಂದಿನ ರಾತ್ರಿ ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ದಿಂಬಿನ ಪಕ್ಕ ಇಟ್ಟಿದ್ದ. ಅವಳ ಮೊದಲ 'ಗುಂಯ್' ಕೇಳಿದ್ದೇ ತಡ, ಗೆದ್ದೆ ಎಂದು ಕಣ್ಣು ಮುಚ್ಚಿದ್ದ. ಬೆಳಿಗ್ಗೆ ಏಳುವಾಗಲೇ ತಡವಾಗಿ, ಕೇಳಿ ನೋಡಲು ಪುರುಸೊತ್ತು ಸಿಗದೆ, ಅದನ್ನು ಸಂಜೆಗೆ ಮುಂದೂಡಿದ್ದ.

ಕಾರ್ಖಾನೆಯಲ್ಲಿ ಬೆಳಿಗ್ಗೆಯೇ ಮೀಟಿಂಗ್. ತಿಂಗಳಿಂದ ನರಳುತ್ತಿದ್ದ ಮೂರನೇ ನಂಬರ್ ಪಂಪನ್ನು ರಿಪೇರಿ ಮಾಡುವುದೋ, ಗುಜರಿಗೆ ಹಾಕುವುದೋ? ತೀರ್ಮಾನಿಸಲು ಕಿವಿಯಣ್ಣ ಬಂದಿದ್ದರು. ಮಿಷನ್ನಿನ ಸದ್ದು ಕೇಳಿಯೇ ರೋಗ ಹೇಳುವ ಹಳೇ ಮೆಕ್ಯಾನಿಕ್ ಅವರು. ಪಂಪಿನ ಸದ್ದನ್ನೂ ಆಪರೇಟರ್ ಹಿಂದಿನ ದಿನ ಅದೇ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಮೇಜಿನಾಚೆ ಸ್ಟಾಕ್ ಪುಸ್ತಕ ಹಿಡಿದು ಅವನ ಹೆಂಡತಿ ಕೂತಿದ್ದಳು.

"ಹಾಕಪ್ಪಾ," ಎಂದರು ಮ್ಯಾನೇಜರ್.

ಅವನು ಗತ್ತಿನಿಂದ ಎಲ್ಲಕ್ಕಿಂತ ಮೇಲಿದ್ದ ರೆಕಾರ್ಡಿಂಗನ್ನು ಒತ್ತಿ, ಮೊಬೈಲನ್ನು ಕಿವಿಯಣ್ಣನ ಮುಂದಿಟ್ಟ.

ಗುಂಯ್... ಗುಂಯ್...

ಅಯ್ಯೋ! ಇದು ಪಂಪಲ್ಲ, ಧರ್ಮಪತ್ನಿ! ಇದು ಬೇರೆ ಫೈಲ್ ಎಂದರೆ, ಯಾವುದರ ಸದ್ದು ಎಂದು ಕೇಳುತ್ತಾರೆ. ನಿಜ ಹೇಳಿದರೆ, ಹೆಂಡತಿಯ ಗೊರಕೆಯನ್ನು ಇಡೀ ಆಫೀಸಿಗೆ ಕೇಳಿಸಿದ ತಪ್ಪಿಗೆ ಸೋಫಾ ಕೂಡ ಸಿಗಲಿಕ್ಕಿಲ್ಲ. ಅವಳ ಕಡೆ ಕದ್ದು ನೋಡಿದ. ಅವಳಿಗೆ ಗುರುತೇ ಸಿಕ್ಕಿರಲಿಲ್ಲ. ಪಾಪ, ತನ್ನ ಗೊರಕೆಯನ್ನು ತಾನೇ ಕೇಳಿದವರು ಯಾರು?

ಮೆಲ್ಲಗೆ ಮೊಬೈಲಿಗೆ ಕೈ ಚಾಚಿದ. ಕಿವಿಯಣ್ಣ ಆ ಕೈಗೆ ಫಟ್ಟನೆ ಬಾರಿಸಿದರು.

"ಕೇಳೋವಾಗ ಮುಟ್ಬಾರ್ದು! ಬೇರಿಂಗ್ ಮಾತಾಡ್ತಿದೆ."

ಅವರು ಬೆರಳಿನಿಂದ ರೆಕಾರ್ಡಿಂಗನ್ನು ಮುಂದೆ ಓಡಿಸಿದರು. ಒಮ್ಮೆಲೇ ಕೋಣೆ ಅದುರಿತು. ಘರ್‌ರ್‌ರ್... ಖೊಟಕ್! ಘರ್‌ರ್‌ರ್... ಖೊಟಕ್! ಮ್ಯಾನೇಜರ್ ಟೀ ಲೋಟ ಹಿಡಿದುಕೊಂಡರು.

"ಸಾರ್, ಇಲ್ಲಿ ಎರಡು ಮಿಷನ್ ಇವೆ," ಎಂದರು ಕಿವಿಯಣ್ಣ. "ಮೊದಲು ಕೇಳ್ತಲ್ಲ, ಅದು ಚಿಕ್ಕದು. ಒಳ್ಳೇ ಮಿಷನ್, ಮುಟ್ಟೋದೇ ಬೇಡ. ಈ ದೊಡ್ಡದು ಇದೆಯಲ್ಲ, ಇದರ ಕಥೆ ಮುಗೀತು. ಇದರ ಪಕ್ಕ ಇದ್ದೂ ಚಿಕ್ಕದು ಇಷ್ಟು ವರ್ಷ ಬಾಳಿಕೆ ಬಂದಿದೆಯಲ್ಲ, ಅದೇ ಆಶ್ಚರ್ಯ!"

ಆಪರೇಟರ್ ಮೊಬೈಲನ್ನೇ ದಿಟ್ಟಿಸಿದ. ಎರಡನೆಯದು? ಮಂಚದಲ್ಲಿ ಇನ್ನು ಯಾರಿದ್ದರು?

ಆಗ ಮೊಬೈಲಿನಿಂದಲೇ, ನಿದ್ದೆಗಣ್ಣಿನ ಹೆಣ್ಣುದನಿಯೊಂದು ಸ್ಪಷ್ಟವಾಗಿ ಕೇಳಿಸಿತು: "ರೀ! ಪಕ್ಕಕ್ಕೆ ತಿರುಗಿ ಮಲಗ್ರೀ!"

ದೊಡ್ಡ ಮಿಷನ್ ಖೊಟಕ್ಕೆಂದು ನಿಂತಿತು.

ಎಲ್ಲರೂ ಮೊದಲು ಅವಳನ್ನು ನೋಡಿದರು, ಆಮೇಲೆ ಅವನನ್ನು. ಅವನು ನೆಲ ಬಾಯಿ ಬಿಡಬಾರದೇ ಎಂದು ನೆಲವನ್ನೇ ನೋಡುತ್ತಿದ್ದ. ಮ್ಯಾನೇಜರ್ ನಗು ತಡೆಯಲಾರದೆ ಕೆಮ್ಮಿದರು.

"ಹಾಗಾದ್ರೆ... ಆ ದೊಡ್ಡದನ್ನ ಏನು ಮಾಡೋಣ ಮೇಡಂ? ಗುಜರಿಗಾ?"

ಅವಳು ಪೆನ್ನಿನ ಮುಚ್ಚಳ ತೆಗೆದು, ಸ್ಟಾಕ್ ಪುಸ್ತಕ ಬಿಡಿಸಿ, ಶಾಂತವಾಗಿ ಹೇಳಿದಳು:

"ಬೇಡ ಸಾರ್, ಹಳೇದಾದ್ರೂ ನನ್ನದೇ. ಇವತ್ತಿನಿಂದ ಹಾಲ್‌ಗೆ ಶಿಫ್ಟ್!"