ಮರಿಯ ಬೆನ್ನೇರಿದ ದೊಡ್ಡಪ್ಪ

ಟಿಕ್.

ಅಂಗಡಿ ಮುಚ್ಚಿ ಎಲ್ಲರೂ ಹೋದ ಮೇಲೆ ಕೇಳಿದ್ದು ಇಷ್ಟೇ ಸದ್ದು. ದೊಡ್ಡಪ್ಪನ ದೀಪ ಆರಿತು. ನಿಧಾನಪ್ಪ ಗುಂಡಿ ಒತ್ತಿದ, ತಟ್ಟಿದ, ಊದಿದ, ಕೊನೆಗೆ ಕೈ ಮುಗಿದ. ದೊಡ್ಡಪ್ಪ ಮಿಸುಕಲಿಲ್ಲ.

ಅದು ಗೇಮ್ ಕನ್ಸೋಲ್ ಮಾರುವ ಅಂಗಡಿ. ಗಿರಾಕಿಗಳು ಆಡಿ ನೋಡಲೆಂದು ಅಲ್ಲಿ ಮೂರು ಯಂತ್ರಗಳಿದ್ದವು. ಅಗ್ಗದ್ದಕ್ಕೆ ಕೆಲಸದವರು ಮರಿ ಎನ್ನುತ್ತಿದ್ದರು, ಮಧ್ಯದ್ದಕ್ಕೆ ನಡುವಿನವ, ಎಲ್ಲಕ್ಕಿಂತ ವೇಗದ ದುಬಾರಿ ಯಂತ್ರಕ್ಕೆ ದೊಡ್ಡಪ್ಪ. ಗಿರಾಕಿಯನ್ನು ಮರಿಯಿಂದ ಮೆಲ್ಲಗೆ ದೊಡ್ಡಪ್ಪನವರೆಗೆ ಹತ್ತಿಸಬೇಕೆಂಬುದು ಮಾಲೀಕರ ನಿಯಮ. ಸೇಲ್ಸ್‌ಮನ್ ನಿಧಾನಪ್ಪನ ಬಾಯಿಂದ ಮಾತ್ರ "ನಿಮ್ಮ ಟೀವಿಗೆ ಮರಿನೇ ಸಾಕು ಬಿಡಿ" ಎಂಬ ಮಾತು ಜಾರಿಬಿಡುತ್ತಿತ್ತು.

"ನಾಳೆ ಒಂದಾದ್ರೂ ದೊಡ್ಡಪ್ಪನ್ನ ಮಾರು. ಇಲ್ಲಾಂದ್ರೆ ಗೋಡೌನ್‌ನಲ್ಲಿ ಡಬ್ಬ ಜೋಡಿಸು," ಎಂದಿದ್ದರು ಮಾಲೀಕರು. ನಾಲ್ಕು ಜನರ ಮುಖ ನೋಡದಿದ್ದರೆ ನಿಧಾನಪ್ಪನಿಗೆ ಊಟ ಸೇರುತ್ತಿರಲಿಲ್ಲ. ಹೊಗಳುವುದನ್ನು ಕಲಿಯಲೆಂದೇ ಅವನು ರಾತ್ರಿ ದೊಡ್ಡಪ್ಪನ ಮುಂದೆ ಕೂತದ್ದು.

ದೊಡ್ಡಪ್ಪ ಕೆಟ್ಟದ್ದು ಮಾಲೀಕರಿಗೆ ತಿಳಿಯದಿರಲೆಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹೊರಗಿದ್ದ ಮರಿಯಿಂದ ಒಂದು ವೈರ್ ಎಳೆದು, ಒಳಕೋಣೆಯಲ್ಲಿದ್ದ ದೊಡ್ಡಪ್ಪನ ಪರದೆಗೆ ಸಿಕ್ಕಿಸಿದ. ಮರಿಯ ರಿಮೋಟನ್ನೂ ಅಲ್ಲೇ ಇಟ್ಟ. ಈಗ ಎರಡು ಪರದೆಗೂ ಮರಿಯೇ ಗತಿ.

ಮೊಮ್ಮಗಳ ಜೊತೆ ಆಡಬೇಕೆಂದು ಒಬ್ಬ ಅಜ್ಜಿ ಬಂದರು. ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು. ಕ್ಯಾಷಿಯರಮ್ಮ ಅವರ ಕೈ ಹಿಡಿದು ಸೀದಾ ಒಳಕೋಣೆಗೆ ಕರೆದೊಯ್ದಳು. ಅಜ್ಜಿ ರೇಸಿನ ಕಾರನ್ನು ಎಷ್ಟು ಜೋರಾಗಿ ಓಡಿಸಿದರೆಂದರೆ, ಹಿಂದೆ ಯಾರೋ ರೋಗಿ ಮಲಗಿದ್ದಾರೇನೋ ಎನಿಸುವಂತಿತ್ತು.

"ನೋಡಿ, ಹುಲ್ಲಿನ ಒಂದೊಂದು ಎಸಳೂ ಕಾಣುತ್ತೆ!" ಎಂದಳು ಕ್ಯಾಷಿಯರಮ್ಮ.

"ಮರಿಯಲ್ಲಿ ಇದು ಬರುತ್ತಾ? ಸಾಧ್ಯವೇ ಇಲ್ಲ," ಎಂದರು ಮಾಲೀಕರು. ನಿಧಾನಪ್ಪ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಹೊರಗೆ ಚೀರಾಟ. "ಗೆದ್ದೆ! ಲೋ, ನಾನು ಗೆದ್ದೆ!"

ಪಕ್ಕದ ಕಟಿಂಗ್ ಶಾಪಿನವನು. ದಿನಾ ಬಿಡುವಿನಲ್ಲಿ ಬಂದು ಮರಿಯಲ್ಲಿ ಆಡಿ ಕೊನೆಯವನಾಗಿ ಹೋಗುತ್ತಿದ್ದವನು. ಇವತ್ತು ಕೈಗೆ ಸಿಕ್ಕ ಯಾವುದೋ ರಿಮೋಟು ಹಿಡಿದು, ಮರಿಯ ಪರದೆಯಲ್ಲೂ ಓಡುತ್ತಿದ್ದ ಅಜ್ಜಿಯ ಕಾರನ್ನು ತಾನೇ ಓಡಿಸುತ್ತಿದ್ದೇನೆಂದುಕೊಂಡು ಮೈ ಓಲಾಡಿಸಿದ್ದ. ಕಣ್ಣಲ್ಲಿ ನೀರು ತುಂಬಿಕೊಂಡು ಸಿಕ್ಕವರನ್ನೆಲ್ಲ ತಬ್ಬಿದ.

"ದೊಡ್ಡದೇ ಕೊಡಪ್ಪ," ಎಂದರು ಅಜ್ಜಿ. ನಿಧಾನಪ್ಪ ಒಂದು ಕ್ಷಣ ತುಟಿ ಬಿಗಿಹಿಡಿದ. ಆಗಲಿಲ್ಲ. ಬಗ್ಗಿ ಪಿಸುಗುಟ್ಟಿದ: "ಅಮ್ಮಾ, ನೀವು ಆಡಿದ್ದು ಮರಿ ಮೇಲೆ."

ಅಜ್ಜಿ ಅವನ ಮುಖ ನೋಡಿ, ನಕ್ಕು, ಮರಿಯನ್ನೇ ಕೊಂಡುಹೋದರು.

ಸಂಜೆ ಕಟಿಂಗ್ ಶಾಪಿನವನು ಮತ್ತೆ ಬಂದ. "ದೊಡ್ಡಪ್ಪನ್ನ ಕಟ್ಟು! ಗೆಲ್ಲೋನಿಗೆ ಮರಿ ಯಾಕೆ? ಹೊಸ ಕುರ್ಚಿಗೆ ಅಂತ ಕೂಡಿಟ್ಟಿದ್ದೆ, ಕುರ್ಚಿ ಹಾಳಾಗಿ ಹೋಗ್ಲಿ!"

ಹೂಂ ಎಂದರೆ ಕೆಲಸ ಉಳಿಯುತ್ತಿತ್ತು. ನಿಧಾನಪ್ಪನಿಗೆ ಆ ಹಳೆಯ ಕುರ್ಚಿಯಿಂದ ಇಣುಕುವ ಹತ್ತಿ ನೆನಪಾಯಿತು. "ಅಣ್ಣಾ, ನಿಮ್ಮ ಕೈಗೆ ಒಗ್ಗಿರೋದು ಮರಿ. ಅದನ್ನೇ ತಗೊಳ್ಳಿ. ಉಳಿದಿದ್ದಕ್ಕೆ ಕುರ್ಚಿ ತನ್ನಿ."

ಮಾಲೀಕರು ಹಿಂದೆಯೇ ನಿಂತಿದ್ದರು. "ಭೇಷ್! ನಾಳೆ ಇಲ್ಲಿ ಹೊಸ ದೊಡ್ಡಪ್ಪನ್ನ ಇಡ್ತೀನಿ, ಹೊಸ ಸೇಲ್ಸ್‌ಮನ್ನನ್ನೂ ಇಡ್ತೀನಿ. ಈ ಹಳೇದನ್ನ ಎತ್ಕೊಂಡು ನೀನು ಗೋಡೌನ್‌ಗೆ ನಡಿ."

ವೈರನ್ನು ಜೇಬಿಗಿಳಿಸಿ, ಸತ್ತ ದೊಡ್ಡಪ್ಪನನ್ನು ಎದೆಗವಚಿಕೊಂಡು ನಿಧಾನಪ್ಪ ಗೋಡೌನಿಗೆ ಹೋದ. ಸುಮ್ಮನೆ ಪ್ಲಗ್ ಹಾಕಿ, ಗುಂಡಿ ಒತ್ತಿದ.

ಟಿಕ್.

ದೀಪ ಹತ್ತಿತು! ರಾತ್ರಿ ಬಿಸಿಯೇರಿ ತಾನಾಗಿ ಆರಿದ್ದ ಯಂತ್ರ ತಣ್ಣಗಾಗಿ ಎದ್ದಿತ್ತು. ಬೆಳಿಗ್ಗೆ ಒಮ್ಮೆ ಗುಂಡಿ ಒತ್ತಿದ್ದರೆ ಸಾಕಿತ್ತು.

ಓಡಿಹೋಗಿ ಎಲ್ಲ ಹೇಳಿಬಿಡಬೇಕೆನಿಸಿತು. ಅಂಗಡಿಯೆಲ್ಲ ಹೊಟ್ಟೆ ಹಿಡಿದು ನಕ್ಕೀತು. ಮರಿಯನ್ನು ಹೊಗಳಿದ್ದು ತಾವೇ ಎಂದು ತಿಳಿದು ಮಾಲೀಕರೂ ನಾಚಿ ವಾಪಸ್ ಕರೆದಾರು.

ಗೋಡೌನು ಕಟಿಂಗ್ ಶಾಪಿನ ಬೆನ್ನಿಗೇ ಇತ್ತು. ಗೋಡೆಯಾಚೆಯಿಂದ ಕತ್ತರಿಯ ಸದ್ದು ನಿಂತು, ಉಬ್ಬಿದ ದನಿಯೊಂದು ಕೇಳಿತು: "ತಲೆ ಅಲ್ಲಾಡಿಸ್ಬೇಡಿ ಸಾರ್, ಕೇಳಿ. ಆ ಕೊನೇ ತಿರುವು ಇತ್ತಲ್ಲ, ಅಲ್ಲಿ ಹೀಗೆ ಎಳೆದೆ ನೋಡಿ..."

ನಿಧಾನಪ್ಪ ಮೆಲ್ಲಗೆ ಪ್ಲಗ್ ಕಿತ್ತ. ಡಬ್ಬಗಳ ನಡುವೆ ಕೂತು, ಈ ವಿಷಯ ಯಾರಿಗೂ ಹೇಳಬಾರದು ಎಂದುಕೊಂಡ.